ಹಗ್ಗ ಎಲ್ಲಿ, ಮೀಸಲು ದಿನ ಎಷ್ಟು? ಹಿಮನದಿ ದಾಟುವವರ ಪ್ರಶ್ನೆಗಳಿಗೆ ಉತ್ತರ

ಹೋದ ತಿಂಗಳು ಪಿನ್ ಪಾರ್ವತಿ ಪಾಸ್ ಬಗ್ಗೆ ನಾಲ್ಕು ಸಾಲು ಬರೆದಿದ್ದೇ ತಡ, ಪ್ರಶ್ನೆಗಳು ಬಂದು ಬಿದ್ದವು. ಅದನ್ನು ಓದದವರಿಗೆ ಒಂದು ಮಾತು. ಇದು ಹಿಮಾಚಲದಲ್ಲಿ ಕುಲ್ಲು ಕಡೆಯ ಪಾರ್ವತಿ ಕಣಿವೆಯಿಂದ ಸ್ಪಿತಿ ಕಡೆಯ ಪಿನ್ ಕಣಿವೆಗೆ ಹಿಮನದಿ ತುಳಿದು ಬೆಟ್ಟಸಾಲು ದಾಟುವ ದಾರಿ, ಇಂಥ ದಾರಿಗೇ ಪಾಸ್ ಅನ್ನುವುದು. ಎತ್ತರ 5,319 ಮೀಟರ್. ಹೆಚ್ಚುಕಡಿಮೆ ನೂರು ಕಿಲೋಮೀಟರ್ ನಡಿಗೆ, ಎಂಟರಿಂದ ಹನ್ನೊಂದು ದಿನ. ಖೀರ್‌ಗಂಗಾ ಬಿಟ್ಟ ಮೇಲೆ ಆ ಕಡೆಯ ಮುಧ್ ಸಿಗುವ ತನಕ ಊರಿಲ್ಲ, ಅಂಗಡಿಯಿಲ್ಲ, ನೆಟ್‌ವರ್ಕ್ ಇಲ್ಲ. ನಾನು ಎರಡು ಸಲ ಹೋಗಿದ್ದೇನೆ, ಒಂದು ಸಲ ದಾಟಿದ್ದೇನೆ. ಆ ಲೆಕ್ಕದ ಕತೆ ಕೆಳಗೆ ಬರುತ್ತದೆ.

ಪ್ರಶ್ನೆ: ನನಗೆ 27 ವರ್ಷ. ಕುಮಾರ ಪರ್ವತ ಮೂರು ಸಲ, ತಡಿಯಂಡಮೋಳ್ ಎರಡು ಸಲ ಹತ್ತಿದ್ದೇನೆ. ಡಿಸೆಂಬರ್‌ನಲ್ಲಿ ಕೇದಾರಕಂಠ ಮುಗಿಸಿದೆ, ಹಿಮದಲ್ಲಿ ನಡೆದು ಅಭ್ಯಾಸ ಆಗಿದೆ. ಮುಂದಿನದು ಪಿನ್ ಪಾರ್ವತಿ ಅಂದುಕೊಂಡಿದ್ದೇನೆ. ಆಗುತ್ತಾ?
– ದಾವಣಗೆರೆಯ ಓದುಗ

ಮುಂದಿನದು ಬೇಡ, ಅದರ ಮುಂದಿನದು ಆಗಲಿ. ಮಧ್ಯೆ ರೂಪಿನ್ ಪಾಸ್ ಥರದ್ದೊಂದು ಮಾಡಿ. ಅದು 4,650 ಮೀಟರ್. ಕೇದಾರಕಂಠ 3,800 ಮೀಟರ್ ಆಸುಪಾಸು, ಅಲ್ಲಿಂದ ಒಂದೇ ನೆಗೆತಕ್ಕೆ 5,300 ಅಂದರೆ ನಿಮ್ಮ ಮೈ ಆ ಎತ್ತರದಲ್ಲಿ ಹೇಗೆ ಆಡುತ್ತದೆ ಅಂತ ನಿಮಗೇ ಗೊತ್ತಿರುವುದಿಲ್ಲ.

ಎತ್ತರ ಬಿಡಿ, ಅಸಲಿ ವಿಷಯ ಬೇರೆ ಇದೆ. ಡಿಸೆಂಬರ್‌ನಲ್ಲಿ ನೀವು ತುಳಿದದ್ದು ಮಣ್ಣಿನ ಮೇಲೆ ಬಿದ್ದ ಹಿಮ. ಕಾಲು ಹೂತರೆ ಮೊಣಕಾಲವರೆಗೆ ಹೂಳುತ್ತದೆ, ಕೆಳಗೆ ನೆಲ ಸಿಗುತ್ತದೆ. ಹಿಮನದಿಯಲ್ಲಿ ಕೆಳಗೂ ಮಂಜುಗಡ್ಡೆಯೇ. ಎಷ್ಟೋ ವರ್ಷ ಬಿದ್ದ ಹಿಮ ಒತ್ತಿ ಒತ್ತಿ ಗಟ್ಟಿಯಾಗಿ, ತನ್ನದೇ ಭಾರಕ್ಕೆ ನಿಧಾನವಾಗಿ ಇಳಿಜಾರಿನ ಕಡೆ ಸರಿಯುತ್ತಾ ಇರುತ್ತದೆ. ಕೆಳಗಿನ ಬಂಡೆ ಉಬ್ಬಿರುವ ಕಡೆ, ತಿರುವಿರುವ ಕಡೆ ಆ ಗಡ್ಡೆ ಎಳೆದಂತಾಗಿ ಸೀಳುತ್ತದೆ. ಹಾಗೆ ಆದ ಬಿರುಕಿಗೆ ಟ್ರೆಕ್ಕಿಂಗ್ ಮಾತಲ್ಲಿ ಕ್ರೆವಾಸ್ ಅಂತಾರೆ. ಕೆಲವು ಹೆಜ್ಜೆ ಎತ್ತಿ ದಾಟುವಷ್ಟು ಕಿರಿದು, ಕೆಲವು ಇಣುಕಿದರೆ ನೀಲಿ ಬಿಟ್ಟು ಬೇರೇನೂ ಕಾಣದಷ್ಟು ಆಳ. ಬಾಯ್ತೆರೆದ ಬಿರುಕು ಅಷ್ಟು ಭಯ ಹುಟ್ಟಿಸುವುದಿಲ್ಲ, ಸುತ್ತು ಹಾಕಿಕೊಂಡು ಹೋಗಬಹುದು. ಹೊಸ ಹಿಮ ಬಿದ್ದು ಅದರ ಬಾಯಿ ಮುಚ್ಚಿ ಮೇಲೆ ತೆಳ್ಳಗೆ ಸೇತುವೆ ಕಟ್ಟಿಕೊಂಡಿರುತ್ತದಲ್ಲ, ಅದಕ್ಕೆ ಹೆದರಬೇಕು. ನೋಡಲು ಬರೀ ಬಿಳಿ ಬಯಲು. ನಿಮ್ಮ ಮುಂದಿನವರು ದಾಟಿದರು ಅಂತ ನಿಮ್ಮನ್ನೂ ಅದು ಹೊರುತ್ತದೆ ಅನ್ನುವ ಖಾತ್ರಿಯಿಲ್ಲ.

ಅದಕ್ಕೇ ಹಗ್ಗ. ನಾಲ್ಕೈದು ಜನ ಒಂದು ಹಗ್ಗಕ್ಕೆ, ಒಬ್ಬರಿಗೂ ಇನ್ನೊಬ್ಬರಿಗೂ ಎಂಟ್ಹತ್ತು ಮೀಟರ್ ಅಂತರ, ಪ್ರತಿಯೊಬ್ಬರ ಸೊಂಟಕ್ಕೂ ಹಾರ್ನೆಸ್ ಅನ್ನುವ ಗಟ್ಟಿ ಪಟ್ಟಿ, ಮಧ್ಯದ ಹಗ್ಗ ಜೋತು ಬೀಳಬಾರದು. ಒಬ್ಬರು ಹೂತರೆ ಉಳಿದವರು ತಕ್ಷಣ ಕುಕ್ಕರಿಸಿ, ಐಸ್ ಆಕ್ಸ್ (ಹಿಮಗೊಡಲಿ) ಹಿಮಕ್ಕೆ ನೆಟ್ಟು, ಮೈಭಾರವೆಲ್ಲ ಹಿಂದಕ್ಕೆ ಹಾಕಬೇಕು. ಇದನ್ನು ಹಿಂದಿನ ದಿನವೇ ಕ್ಯಾಂಪ್ ಹತ್ತಿರದ ಸಣ್ಣ ಇಳಿಜಾರಿನಲ್ಲಿ ನಾಲ್ಕು ಸಲ ಮಾಡಿ ನೋಡಿರಬೇಕು. ನಾನು ಎಷ್ಟೋ ಫೋಟೋಗಳಲ್ಲಿ ನೋಡಿದ್ದೇನೆ, ಹತ್ತು ಹನ್ನೆರಡು ಜನ ಸಾಲಾಗಿ ಒಂದೇ ಹಗ್ಗವನ್ನು ಕೈಯಲ್ಲಿ ಹಿಡಿದುಕೊಂಡು, ಜಾತ್ರೆಯಲ್ಲಿ ತೇರು ಎಳೆದ ಹಾಗೆ, ಹಿಮನದಿ ಮೇಲೆ ನಗುತ್ತಾ ಹೋಗುತ್ತಿರುತ್ತಾರೆ. ಹಾರ್ನೆಸ್ ಇಲ್ಲ, ಗಂಟಿಲ್ಲ. ಬಿದ್ದರೆ ಆ ಹಗ್ಗ ಯಾರನ್ನೂ ಹಿಡಿಯಲ್ಲ.

ಇನ್ನು ತಯಾರಿ. ಕುಮಾರ ಪರ್ವತ ನಿಜಕ್ಕೂ ಒಳ್ಳೆಯ ಗರಡಿ. ಕುಕ್ಕೆಯಿಂದ ಹತ್ತಿದರೆ ಒಂದೂವರೆ ಸಾವಿರ ಮೀಟರ್ ಏರು. ಇಷ್ಟು ಒಂದೇ ಸಮನೆ ಹತ್ತಿಸುವ ಬೆಟ್ಟ ನಮ್ಮ ಕಡೆ ಜಾಸ್ತಿ ಇಲ್ಲ. ಬೆನ್ನ ಮೇಲೆ ಹತ್ತು ಕೆಜಿ ಹೊತ್ತು ಹೋಗಿ, ಮಾರನೇ ದಿನವೂ ಎದ್ದು ಎರಡು ಮೂರು ಗಂಟೆ ನಡೆಯಿರಿ. ಎರಡನೇ ದಿನದ ನೋವಲ್ಲಿ ನಡೆಯುವುದೇ ಅಭ್ಯಾಸ. ಅಂದ ಹಾಗೆ, ಪಾರ್ವತಿ ಕಣಿವೆಯ ಖೀರ್‌ಗಂಗಾದಲ್ಲಿ ಕಾರ್ತಿಕೇಯ ತಪಸ್ಸು ಮಾಡಿದ ಅಂತ ಅಲ್ಲಿಯವರ ನಂಬಿಕೆ. ನಮ್ಮ ಕುಕ್ಕೆ ಸುಬ್ರಹ್ಮಣ್ಯನೇ ಅಲ್ವಾ! ತರಬೇತಿ ಅವನ ಬೆಟ್ಟದಲ್ಲಿ, ಹೊರಡುವುದು ಅವನ ಬಿಸಿನೀರ ಬುಗ್ಗೆ ದಾಟಿಕೊಂಡು.

ಪ್ರಶ್ನೆ: ನಾನು ಹಾಫ್ ಮ್ಯಾರಥಾನ್ ಓಡುವವನು. ನಾಲ್ಕು ಸಾವಿರ ಮೀಟರಲ್ಲಿ ತಲೆನೋವು, ವಾಂತಿ ಬಂದು ಮಲಗಿದೆ. ನನ್ನ ಜೊತೆಗಿದ್ದವನು ಲಿಫ್ಟ್ ಬಿಟ್ಟು ಮೆಟ್ಟಿಲು ಮುಟ್ಟಿದವನಲ್ಲ, ಅವನು ಆರಾಮಾಗಿ ಎರಡು ತಟ್ಟೆ ಮ್ಯಾಗಿ ತಿಂದ. ಯಾಕೆ ಹೀಗೆ?
– ಮೈಸೂರಿನ ಓದುಗ

ಸಿಟ್ಟು ಬರುವ ವಿಷಯವೇ. ಆದರೆ ಕಾಲಿನ ಕಸುವಿಗೂ ಎತ್ತರಕ್ಕೆ ಮೈ ಒಗ್ಗುವುದಕ್ಕೂ ಸಂಬಂಧ ಕಡಿಮೆ. ಮೇಲೆ ಹೋದ ಹಾಗೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುವುದಿಲ್ಲ, ಅದೇ ನೂರಕ್ಕೆ 21. ಗಾಳಿಯ ಒತ್ತಡ ಇಳಿಯುತ್ತದೆ. ಪಿನ್ ಪಾರ್ವತಿ ಎತ್ತರದಲ್ಲಿ ಅದು ಸಮುದ್ರಮಟ್ಟದ ಸುಮಾರು ಅರ್ಧ. ಅಂದರೆ ಒಂದು ಉಸಿರಿಗೆ ಸಿಗುವುದೂ ಅರ್ಧದಷ್ಟೇ. ಇದಕ್ಕೆ ಒಗ್ಗಿಕೊಳ್ಳಲು ಯಾರ ಮೈಗೆ ಎಷ್ಟು ದಿನ ಬೇಕು ಅನ್ನುವುದು ಹುಟ್ಟಿನಿಂದ ಬಂದದ್ದು, ಓಟದಿಂದ ಬಂದದ್ದಲ್ಲ. ಗಟ್ಟಿ ಕಾಲಿನವರಿಗೆ ಒಂದು ಹೆಚ್ಚುವರಿ ಅಪಾಯವೂ ಇದೆ. ಅವರು ಬೇಗ ಬೇಗ ಹತ್ತಿಬಿಡುತ್ತಾರೆ.

ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರಿಗಿಂತ ಜಾಸ್ತಿ ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಂದು ಬಿಡುವು ಬೇಕು. ಹಗಲು ಎಷ್ಟು ಮೇಲೆ ಹೋಗಿ ಬಂದರೂ ಪರವಾಗಿಲ್ಲ, ಲೆಕ್ಕಕ್ಕೆ ಬರುವುದು ನಿದ್ದೆಯ ಎತ್ತರ. ಮುಂದಿನ ಸಲ ಸ್ನೇಹಿತನ ಹಿಂದೆ ನಡೆಯಿರಿ, ಮುಂದೆ ಬೇಡ.

ಪ್ರಶ್ನೆ: ಎತ್ತರದ ತೊಂದರೆ ತಡೆಯಲು ಡೈಮಾಕ್ಸ್ ಮಾತ್ರೆ ತಗೋಬೇಕಾ? ತಗೊಂಡರೆ ರೋಗದ ಲಕ್ಷಣ ಮುಚ್ಚಿಹೋಗುತ್ತೆ ಅಂತಾರೆ, ನಿಜವೇ?
– ಹುಬ್ಬಳ್ಳಿಯ ಓದುಗಿ

ಮುಚ್ಚಿಹೋಗುವುದಿಲ್ಲ. ಈ ಮಾತು ಪ್ರತಿ ಕ್ಯಾಂಪಲ್ಲೂ ಕೇಳುತ್ತೇನೆ. ಅಸೆಟಜೋಲಮೈಡ್, ಅಂದರೆ ಡೈಮಾಕ್ಸ್, ರಕ್ತವನ್ನು ಸ್ವಲ್ಪ ಆಮ್ಲೀಯ ಮಾಡುತ್ತದೆ, ಅದಕ್ಕೆ ಮೈ ಹೆಚ್ಚು ಉಸಿರಾಡುತ್ತದೆ, ಹಾಗಾಗಿ ಬೇಗ ಒಗ್ಗುತ್ತದೆ. ಮುನ್ನೆಚ್ಚರಿಕೆಗೆ ವೈದ್ಯರು ಸಾಮಾನ್ಯವಾಗಿ ದೊಡ್ಡವರಿಗೆ ಬರೆಯುವುದು 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಜಾಸ್ತಿ, ಸೋಡಾ ಕುಡಿದರೆ ಸಪ್ಪೆ. ಸಲ್ಫಾ ಅಲರ್ಜಿ ಇರುವವರು, ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಮೊದಲ ಮಾತ್ರೆ ಮನೆಯಲ್ಲೇ ನುಂಗಿ ನೋಡಿ, ಬೆಟ್ಟದ ಮೇಲೆ ಪ್ರಯೋಗ ಬೇಡ.

ನಿಜವಾಗಿ ಲಕ್ಷಣ ಮುಚ್ಚುವುದು ನೋವಿನ ಮಾತ್ರೆ ಮತ್ತು ಸುಳ್ಳು. ತಲೆನೋವಿಗೆ ಮಾತ್ರೆ ತಗೊಂಡರೂ ಗೈಡ್‌ಗೆ ಹೇಳಿ. ಸುಮ್ನೆ ಕೂತಾಗಲೂ ಏದುಸಿರು, ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ಸೇರುತ್ತಿರಬಹುದು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಆಗದಿದ್ದರೆ ಮಿದುಳು ಊದಿಕೊಳ್ಳುತ್ತಿರಬಹುದು. ಎರಡಕ್ಕೂ ಬೆಳಗಾಗಲಿ ನೋಡೋಣ ಅನ್ನುವಂತಿಲ್ಲ. ಆಗಲೇ, ಕತ್ತಲಾಗಿದ್ದರೂ, ಕೆಳಗಿಳಿಸಬೇಕು.

ಇನ್ನೊಂದು, ಮಲಗಿದವರು ಉಸಿರು ನಿಂತ ಹಾಗಾಗಿ ಮತ್ತೆ ಜೋರಾಗಿ ಎಳೆದುಕೊಂಡು ಎದ್ದು ಕೂರುತ್ತಾರೆ. ಟೆಂಟಿನ ಜೊತೆಗಾರರು ಹೆದರಿ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಾರೆ. ಬೇರೆ ಲಕ್ಷಣ ಇಲ್ಲದಿದ್ದರೆ ಇದು ಎತ್ತರದಲ್ಲಿ ತೀರಾ ಸಾಮಾನ್ಯ.

ಪ್ರಶ್ನೆ: ಯಾವ ತಿಂಗಳು ಹೋಗಲಿ?
– ಮಂಗಳೂರಿನ ಓದುಗ

ಜುಲೈಯಿಂದ ಸೆಪ್ಟೆಂಬರ್ ತನಕ ಜನ ಹೋಗುತ್ತಾರೆ. ಪಾರ್ವತಿ ಕಡೆ ಮಳೆ, ಕೆಸರು, ಕಾಡು, ನಿಮ್ಮ ಚಾರ್ಮಾಡಿ ನೆನಪಾಗುತ್ತದೆ. ಪಾಸ್ ಆಚೆಗೆ ಪಿನ್ ಕಡೆ ಮಳೆನೆರಳು, ಒಣ ಮಣ್ಣು. ಜುಲೈಯಲ್ಲಿ ಹಿಮ ಜಾಸ್ತಿ, ನಡೆಯಲು ಸುಲಭ ಅನಿಸುತ್ತದೆ, ಆದರೆ ಬಿರುಕುಗಳು ಮುಚ್ಚಿರುತ್ತವೆ. ಸೆಪ್ಟೆಂಬರ್‌ಗೆ ಹಿಮ ಕರಗಿ ಬಿರುಕು ಕಣ್ಣಿಗೆ ಕಾಣುತ್ತದೆ, ಆದರೆ ಸುತ್ತು ಹೆಚ್ಚು, ಚಳಿ ಹೆಚ್ಚು. ನಾನಾದರೆ ಸೆಪ್ಟೆಂಬರ್ ಮೊದಲೆರಡು ವಾರ. ಕಂಡ ಬಿರುಕು ವಾಸಿ.

ಪ್ರಶ್ನೆ: ಮಗಳಿಗೆ 24 ವರ್ಷ, ಸಾಫ್ಟ್‌ವೇರ್ ಕೆಲಸ. ಹಿಮನದಿ ದಾಟುವ ಟ್ರೆಕ್‌ಗೆ ದುಡ್ಡು ಕಟ್ಟಿಬಿಟ್ಟಿದ್ದಾಳೆ. ಸಹಸ್ರತಾಲ್ ಸುದ್ದಿ ಓದಿದ ಮೇಲೆ ನನಗೆ ನಿದ್ದೆ ಬರುತ್ತಿಲ್ಲ. ಬೇಡ ಅನ್ನಲೋ, ಕಳಿಸಲೋ?
– ಶಿವಮೊಗ್ಗದ ಒಬ್ಬ ತಾಯಿ

ಅಮ್ಮಾ, ನಿಮ್ಮ ಹೆದರಿಕೆಗೆ ಕಾರಣ ಇದೆ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ನಮ್ಮ ಕರ್ನಾಟಕದಿಂದ ಹೋದ ಒಂಬತ್ತು ಜನ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಅವರನ್ನು ಕೊಂದದ್ದು ಬಿರುಕಲ್ಲ, ಚಳಿಗಾಳಿ. ಬೆವರಿಗೋ ಹಿಮಕ್ಕೋ ಒದ್ದೆಯಾದ ಬಟ್ಟೆಗೆ ಗಾಳಿ ಹೊಡೆದರೆ ಮೈಯ ಶಾಖ ಬೇಗ ಇಳಿಯುತ್ತದೆ. ಮೊದಲು ನಡುಕ. ಆಮೇಲೆ ಮಾತು ತೊದಲುತ್ತದೆ, ಕಾಲು ಎಡವುತ್ತದೆ, ಕೈಗವಸು ಹಾಕಿಕೊಳ್ಳಲೂ ಬೇಜಾರು ಅನ್ನುತ್ತಾರೆ. ನಡುಕ ನಿಂತರೆ ಸುಧಾರಿಸಿತು ಅಂದುಕೊಳ್ಳಬಾರದು, ಅದು ಇನ್ನೂ ಕೆಟ್ಟದ್ದು.

ಬೇಡ ಅಂತ ನಾನು ಹೇಳುವುದಿಲ್ಲ. ಮಗಳನ್ನು ಕೂರಿಸಿಕೊಂಡು ಕರೆದೊಯ್ಯುವವರಿಗೆ ಫೋನ್ ಮಾಡಿಸಿ, ಸ್ಪೀಕರ್ ಹಾಕಿ, ನೀವೂ ಕೇಳಿ. ಪಾಸ್ ದಿನ ಹವೆ ಕೆಟ್ಟರೆ ಕಾಯಲು ಮೀಸಲು ದಿನ ಎಷ್ಟು ಇಟ್ಟಿದ್ದೀರಿ? ಎಷ್ಟು ಹಾರ್ನೆಸ್ ಒಯ್ಯುತ್ತೀರಿ, ತಲೆಗೊಂದು ಇದೆಯಾ? ಗೈಡ್ ಹಿಂದಿನ ವರ್ಷವೂ ಇದೇ ದಾರಿಯಲ್ಲಿ ಹೋಗಿದ್ದಾರಾ? ಯಾರಿಗಾದರೂ ಹುಷಾರಿಲ್ಲದೆ ವಾಪಸ್ ಕಳಿಸಬೇಕಾದರೆ ಜೊತೆಗೆ ಇಳಿಯಲು ಬೇರೆ ಗೈಡ್ ಇದ್ದಾರಾ, ಇಲ್ಲ ಇಡೀ ತಂಡವೇ ತಿರುಗಬೇಕಾ? ಪೋರ್ಟರ್‌ಗಳಿಗೂ ಬೆಚ್ಚನೆಯ ಬಟ್ಟೆ, ಕನ್ನಡಕ ಕೊಡುತ್ತೀರಾ? ಈ ಕೊನೆಯದನ್ನು ಕೇಳಿದಾಗ ತಡವರಿಸಿದರೆ ಉಳಿದ ಉತ್ತರಗಳನ್ನೂ ನಂಬಬೇಡಿ.

ಮೀಸಲು ದಿನದ ಬಗ್ಗೆ ನಾನು ಯಾಕಿಷ್ಟು ಹಟ ಹಿಡಿಯುತ್ತೇನೆ ಅಂದರೆ, ನನ್ನ ಮೊದಲ ಪಿನ್ ಪಾರ್ವತಿ ಹಾಗೇ ಹೋಯಿತು. ಬರ್ಶೈನಿಯಿಂದ ಹೊರಟು, ಖೀರ್‌ಗಂಗಾ, ತುಂಡಾ ಭುಜ್, ಠಾಕುರ್ ಕುಆಂ ಎಲ್ಲ ಮುಗಿಸಿ, ಭೀಮ ಇಟ್ಟದ್ದು ಅಂತ ಜನ ಹೇಳುವ ಪಾಂಡು ಪುಲ್‌ನ ಹೆಬ್ಬಂಡೆಗಳನ್ನು ದಾಟಿ, ಪಾರ್ವತಿ ನದಿ ಹುಟ್ಟುವ ಮಂತಲಾಯ್ ಸರೋವರ ನೋಡಿ, ಹಿಮನದಿ ತಂದು ಸುರಿದ ಮೊರೇನ್ ಕಲ್ಲುಗುಪ್ಪೆ ಹತ್ತಿ ಪಾಸ್ ಕೆಳಗಿನ ಕ್ಯಾಂಪ್ ಸೇರಿದೆವು. ಸಂಜೆಯಿಂದ ಹಿಮ ಶುರುವಾಯಿತು. ಮಾರನೇ ದಿನವಿಡೀ ನಿಲ್ಲಲಿಲ್ಲ. ಕರೆದುಕೊಂಡು ಹೋದವರ ವೇಳಾಪಟ್ಟಿಯಲ್ಲಿ ಒಂದೇ ಒಂದು ದಿನವೂ ಹೆಚ್ಚಿಗೆ ಇರಲಿಲ್ಲ, ಊಟವೂ ಲೆಕ್ಕ ಹಾಕಿ ತಂದದ್ದು. ಗೈಡ್ ತಿರುಗೋಣ ಅಂದರು. ತಂಡದಲ್ಲಿ ಅರ್ಧ ಜನ ಜಗಳಕ್ಕೆ ಬಿದ್ದರು, ರಜೆ ಹೋಯಿತು, ದುಡ್ಡು ಹೋಯಿತು ಅಂತ. ನಾನೂ ಆ ಅರ್ಧದಲ್ಲಿದ್ದೆ, ಸುಳ್ಳು ಯಾಕೆ ಹೇಳಲಿ. ಗೈಡ್ ಮಾತೇ ಆಡಲಿಲ್ಲ, ಟೆಂಟ್ ಕಳಚಲು ಶುರು ಮಾಡಿದರು. ಹತ್ತಿದ ದಾರಿಯನ್ನೇ ನಾಲ್ಕು ದಿನ ಇಳಿದೆವು, ಒಬ್ಬರಿಗೊಬ್ಬರು ಮುಖ ಕೊಡದೆ.

ಎರಡನೇ ಸಲ ಎರಡು ಮೀಸಲು ದಿನ ಇಟ್ಟುಕೊಂಡು ಹೋದೆ. ಒಂದನ್ನು ಟೆಂಟಿನಲ್ಲಿ ಇಸ್ಪೀಟು ಆಡಿ ಕಳೆದೆವು. ಮಾರನೇ ಬೆಳಗ್ಗೆ ನಕ್ಷತ್ರ ಕಂಡಿತು, ದಾಟಿದೆವು.

ಮಗಳಿಗೆ ಒಂದು ಮಾತು ನೀವೇ ಹೇಳಿ: ತಿರುಗಿ ಬಂದರೆ ಮನೆಯಲ್ಲಿ ಯಾರೂ ದುಡ್ಡಿನ ಲೆಕ್ಕ ಕೇಳುವುದಿಲ್ಲ ಅಂತ. ಎಷ್ಟೋ ಮಕ್ಕಳು ಅದಕ್ಕೇ ಮುಂದೆ ಹೋಗುತ್ತಾರೆ.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ಸ್ಯಾಟಲೈಟ್ ಮೆಸೇಜ್ ಕಳಿಸುವ ಸಾಧನ ತರ್ತೀನಿ ಅಂತಿದ್ದಾನೆ. ತರಿಸಲೇ?
– ಬೆಂಗಳೂರಿನ ಓದುಗ

ಬೇಡವೇ ಬೇಡ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್, ಗಾರ್ಮಿನ್ ಇನ್‌ರೀಚ್ ಥರದ್ದು ಇಟ್ಟುಕೊಳ್ಳುವುದು ಅಪರಾಧ. ಗೊತ್ತಿಲ್ಲದೆ ತಂದ ವಿದೇಶಿ ಚಾರಣಿಗರನ್ನು ವಿಮಾನ ನಿಲ್ದಾಣದಲ್ಲೇ ಹಿಡಿದಿದ್ದಾರೆ. ಅಣ್ಣನಿಗೆ ಒಳ್ಳೆ ಕಪ್ಪು ಕನ್ನಡಕ ತರಲು ಹೇಳಿ, ಪಕ್ಕದಿಂದಲೂ ಬೆಳಕು ನುಗ್ಗದ ಥರದ್ದು. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ನೂರಕ್ಕೆ 80ರಷ್ಟನ್ನು ವಾಪಸ್ ಮುಖಕ್ಕೇ ಎಸೆಯುತ್ತದೆ. ಕನ್ನಡಕ ಇಲ್ಲದೆ ಒಂದು ಹಗಲು ನಡೆದರೆ ರಾತ್ರಿ ಕಣ್ಣಿಗೆ ಮೆಣಸಿನಪುಡಿ ಬಿದ್ದ ಹಾಗೆ. ಫೋನಿನಲ್ಲಿ ನಕ್ಷೆ ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ಜಿಪಿಎಸ್ ಕೆಲಸ ಮಾಡುತ್ತದೆ. ಫೋನು, ಪವರ್ ಬ್ಯಾಂಕು ರಾತ್ರಿ ಸ್ಲೀಪಿಂಗ್ ಬ್ಯಾಗ್ ಒಳಗೆ ಇರಲಿ, ಚಳಿಗೆ ಚಾರ್ಜ್ ಇಳಿದುಹೋಗುತ್ತದೆ.

ಪ್ರಶ್ನೆ: ಶುದ್ಧ ಸಸ್ಯಾಹಾರಿ. ಏನು ತಿನ್ನಲಿ?
– ತುಮಕೂರಿನ ಓದುಗಿ

ಎಲ್ಲಾ ಕ್ಯಾಂಪಲ್ಲೂ ಅನ್ನ, ದಾಲ್, ರೊಟ್ಟಿ ಸಿಗುತ್ತದೆ. ಸಮಸ್ಯೆ ಹಸಿವಿನದು. ನಾಲ್ಕು ಸಾವಿರ ಮೀಟರ್ ಮೇಲೆ ತಟ್ಟೆ ನೋಡಿದರೇ ಬೇಡ ಅನಿಸುತ್ತದೆ. ಆಗ ನಾಲಿಗೆಗೆ ಪರಿಚಯದ ರುಚಿ ಬೇಕು. ರಾಗಿ ಹುರಿಹಿಟ್ಟು, ಕಡ್ಲೆ ಚಿಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ. ನಾನು ಒಯ್ದ ಅರ್ಧ ಕೆಜಿ ಚಟ್ನಿಪುಡಿ ಮೂರನೇ ದಿನಕ್ಕೆ ಖಾಲಿ, ತಿಂದವರು ಜಾಸ್ತಿ ಅಡುಗೆಯವರೇ. ನೀರು ದಿನಕ್ಕೆ ನಾಲ್ಕು ಲೀಟರ್ ಆಸುಪಾಸು, ಗುಟುಕು ಗುಟುಕಾಗಿ.

ಪ್ರಶ್ನೆ: ಕೇಳಲು ಮುಜುಗರ. ಪಾಸ್ ದಿನವೇ ಮುಟ್ಟಾದರೆ? ಹಿಮನದಿ ಮೇಲೆ ಬಹಿರ್ದೆಸೆ ಹೇಗೆ?
– ಹೆಸರು ಬೇಡ ಎಂದ ಓದುಗಿ

ಇದನ್ನು ನನ್ನ ಹೆಂಡತಿಯನ್ನು ಕೇಳಿ ಬರೆಯುತ್ತಿದ್ದೇನೆ, ಅವಳೂ ಎರಡನೇ ಸಲ ಜೊತೆಗಿದ್ದಳು. ಎತ್ತರಕ್ಕೆ, ದಣಿವಿಗೆ ದಿನ ಏರುಪೇರಾಗುವುದು ಇದೆ, ಹಾಗಾಗಿ ಲೆಕ್ಕದಲ್ಲಿ ಇಲ್ಲದಿದ್ದರೂ ಸಾಮಾನು ಒಯ್ಯಿರಿ. ಮುಟ್ಟಿನ ಕಪ್ ಅಭ್ಯಾಸ ಇದ್ದರೆ ಅನುಕೂಲ, ಆದರೆ ಮೊದಲ ಸಲ ಅಲ್ಲೇ ಕಲಿಯಲು ಹೋಗಬೇಡಿ, ಕೈ ತೊಳೆಯುವ ನೀರು ಮಂಜುಗಡ್ಡೆಯ ತಣ್ಣಗಿರುತ್ತದೆ. ಬಳಸಿದ ಪ್ಯಾಡ್ ಜಿಪ್ ಇರುವ ಕವರಿನಲ್ಲಿ ಹಾಕಿ, ಒಳಗೆ ಸ್ವಲ್ಪ ಕಾಫಿಪುಡಿ ಉದುರಿಸಿದರೆ ವಾಸನೆ ಬರಲ್ಲ, ವಾಪಸ್ ತನ್ನಿ. ಹಿಮನದಿಯಲ್ಲಿ ಹೂಳಬಾರದು. ಅದೇ ನೀರು ಕೆಳಗೆ ಊರಿಗೆ ಹೋಗುತ್ತದೆ.

ಹಗ್ಗದಲ್ಲಿ ಇರುವಾಗ ಬಂದರೆ? ಹಗ್ಗ ಬಿಚ್ಚುವಂತಿಲ್ಲ. ಇಡೀ ಸಾಲು ನಿಂತು ಮುಖ ತಿರುಗಿಸುತ್ತದೆ, ಅಷ್ಟೇ. ಮೊದಲ ಸಲ ನಾಚಿಕೆ. ಎರಡನೇ ಸಲ ಯಾರಿಗೂ ನೆನಪೂ ಇರಲ್ಲ. ಇದಕ್ಕೆ ಹೆದರಿ ನೀರು ಕುಡಿಯುವುದನ್ನು ಮಾತ್ರ ಬಿಡಬೇಡಿ, ಬಹಳ ಹೆಣ್ಣುಮಕ್ಕಳು ಹಾಗೆ ಮಾಡಿ ತಲೆನೋವು ತಂದುಕೊಳ್ಳುತ್ತಾರೆ.

ಪ್ರಶ್ನೆ: ವಯಸ್ಸು 58, ನಿವೃತ್ತ ಅಧ್ಯಾಪಕ. ಬಿಪಿ ಮಾತ್ರೆ ಇದೆ, ಹತೋಟಿಯಲ್ಲಿದೆ. ಟೆಂಟಿನ ಚಳಿ ನನಗಾಗದು. ಹಿಮನದಿ ಒಂದನ್ನಾದರೂ ನಡೆದು ನೋಡುವ ಆಸೆ.
– ಧಾರವಾಡದ ಓದುಗರು

ಮೇಷ್ಟ್ರೇ, ನಿಮಗೆ ನೇಪಾಳ. ಎವರೆಸ್ಟ್ ಸೀಮೆಯಲ್ಲಿ ರಾತ್ರಿಗೆ ಲಾಡ್ಜ್, ಮಂಚ, ಬಿಸಿ ಸೂಪು. ಅಲ್ಲಿ ಮೂರು ಪಾಸ್‌ಗಳ ಸುತ್ತು ಇದೆ: ಕೊಂಗ್ಮಾ ಲಾ 5,535 ಮೀಟರ್, ಚೋ ಲಾ 5,420, ರೆಂಜೋ ಲಾ 5,360. ಮೂರೂ ಬೇಡ. ಚೋ ಲಾದಲ್ಲಿ ಮಂಜುಗಡ್ಡೆಯ ಮೇಲೇ ನಡೆಯಬೇಕು, ಬೂಟಿಗೆ ಮುಳ್ಳಿನ ಸರಪಳಿ ಕಟ್ಟಿಕೊಳ್ಳಬೇಕು. ನೀವು ಗೋಕ್ಯೋ ಸರೋವರಕ್ಕೆ ಹೋಗಿ, ಅಲ್ಲಿ ಎರಡು ರಾತ್ರಿ ಉಳಿಯಿರಿ. ಪಕ್ಕದಲ್ಲೇ ನ್ಗೋಜುಂಪ ಅನ್ನುವ ಹಿಮನದಿ, ನೇಪಾಳದಲ್ಲೇ ಅತಿ ಉದ್ದದ್ದು. ಬೆಳ್ಳಗೆ ಹೊಳೆಯುತ್ತದೆ ಅಂತ ಕನಸು ಕಾಣಬೇಡಿ, ಮೇಲೆಲ್ಲ ಕಲ್ಲು, ಪುಡಿಮಣ್ಣು, ಕೊಪ್ಪಳದ ಕಡೆಯ ಕಲ್ಲುಕ್ವಾರಿ ನೋಡಿದ ಹಾಗೆ. ಒಳಗೆ ಮಂಜುಗಡ್ಡೆ ಕರಗಿ ಕಲ್ಲು ಜಾರುವ ಸದ್ದು ಕೇಳುತ್ತದೆ. ಗೈಡ್ ಜೊತೆ ಅದರ ಮೇಲೆ ಸ್ವಲ್ಪ ನಡೆಯಿರಿ, ದಾರಿ ವರ್ಷ ವರ್ಷ ಬದಲಾಗುತ್ತದೆ, ಒಬ್ಬರೇ ಇಳಿಯಬೇಡಿ. ಮೈ ಒಗ್ಗಿದ್ದರೆ ರೆಂಜೋ ಲಾ ದಾಟಿ ಇಳಿಯಿರಿ, ಪಾಸ್ ಮೇಲೆ ನಿಂತು ಹಿಂದೆ ತಿರುಗಿದರೆ ಎವರೆಸ್ಟ್ ಕಾಣುತ್ತದೆ. ಹೊರಡುವ ಮೊದಲು ಹೃದಯದ ಪರೀಕ್ಷೆ ಮಾಡಿಸಿ, ನಿಮ್ಮ ಬಿಪಿ ಮಾತ್ರೆಯ ಹೆಸರು ಹೇಳಿ ಎತ್ತರಕ್ಕೆ ಸರಿಯೇ ಅಂತ ಕೇಳಿ. ವಿಮೆ ಕೊಳ್ಳುವಾಗ ಎಷ್ಟು ಮೀಟರ್ ತನಕ ಅಂತ ಬರೆದಿರುವ ಸಾಲನ್ನು ಭೂತಗನ್ನಡಿ ಹಿಡಿದಾದರೂ ಓದಿ.

ಪ್ರಶ್ನೆ: ಪಾಸ್ ದಿನ ಹೇಗಿರುತ್ತೆ? ಮೇಲೆ ಎಷ್ಟು ಹೊತ್ತು ಕೂರಬಹುದು?
– ಹಾಸನದ ಓದುಗ

ರಾತ್ರಿ ಎರಡು ಮೂರಕ್ಕೆ ಎಬ್ಬಿಸುತ್ತಾರೆ. ಹಿಮ ಹೆಪ್ಪುಗಟ್ಟಿ ಗಟ್ಟಿಯಾಗಿರುವಾಗಲೇ ಬಿರುಕಿನ ಜಾಗ ದಾಟಿಬಿಡಬೇಕು. ಬಿಸಿಲೇರಿದರೆ ಹಿಮಸೇತುವೆ ಮೆತ್ತಗಾಗುತ್ತದೆ, ಕೆಳಗಿನ ತೊರೆಗಳೂ ಮಧ್ಯಾಹ್ನಕ್ಕೆ ಉಕ್ಕುತ್ತವೆ. ಹೆಡ್‌ಲ್ಯಾಂಪ್ ಬೆಳಕಲ್ಲಿ ಮುಂದಿನವರ ಹಿಮ್ಮಡಿ ಬಿಟ್ಟರೆ ಏನೂ ಕಾಣುವುದಿಲ್ಲ. ಹತ್ತು ಹೆಜ್ಜೆ, ಉಸಿರು, ಮತ್ತೆ ಹತ್ತು ಹೆಜ್ಜೆ. ಮೇಲೆ ಬಣ್ಣದ ಪ್ರಾರ್ಥನಾ ಬಾವುಟ, ಗಾಳಿ. 1884ರಲ್ಲಿ ಲೂಯಿ ಡೇನ್ ಅನ್ನುವ ಬ್ರಿಟಿಷ್ ಅಧಿಕಾರಿ ಸ್ಪಿತಿಗೆ ಇನ್ನೊಂದು ದಾರಿ ಹುಡುಕುತ್ತಾ ಇದನ್ನು ದಾಟಿದ ಅಂತ ಗೈಡ್‌ಗಳು ಹೇಳುತ್ತಾರೆ, ಅದನ್ನು ಪೂರ್ತಿ ಕೇಳುವಷ್ಟು ಹೊತ್ತೂ ನಿಲ್ಲಲಾಗಲಿಲ್ಲ. ಹದಿನೈದು ನಿಮಿಷ ಸಾಕು. ಆಚೆ ಬದಿಯ ಹಿಮನದಿ ಇಳಿಯುವುದು ಇನ್ನೂ ಬಾಕಿ, ಹಗ್ಗ ಬಿಚ್ಚಬೇಡಿ. ಹತ್ತಿದ ಖುಷಿಗೆ ಅಲ್ಲೇ ಬಿಚ್ಚಿ ಸೆಲ್ಫಿಗೆ ಓಡುವವರನ್ನು ಕಂಡರೆ ನನಗೆ ಹೊಟ್ಟೆ ತೊಳಸುತ್ತದೆ.

ಅಲ್ಲಿಂದ ಇನ್ನೆರಡು ದಿನ ಪಿನ್ ನದಿಯ ಪಕ್ಕ ನಡೆದರೆ ಮುಧ್. ಊರ ಸುತ್ತ ಹಸಿ ಬಟಾಣಿ ಹೊಲ. ಹೊಲದ ಅಜ್ಜಿಯೊಬ್ಬರು ನಮ್ಮ ಸುಟ್ಟ ಮೂಗು ನೋಡಿ ನಕ್ಕು ಒಂದು ಬೊಗಸೆ ಬಟಾಣಿ ಕೊಟ್ಟರು, ಸಿಪ್ಪೆ ಸಮೇತ ತಿಂದೆವು.